ಮನೆ ತೋರಿಸುವ ಮುನ್ನ ಗೋಡೆಯ ತೇವ ನೋಡಿ

ಶಿವಮೊಗ್ಗ: ಆಷಾಢ ಕಳೆದು ಶ್ರಾವಣ ಬಂತೆಂದರೆ ಮನೆ ನೋಡುವವರ ಓಡಾಟ ಆರಂಭವಾಗುತ್ತದೆ. ಆಷಾಢದಲ್ಲಿ ಮನೆ, ನಿವೇಶನದ ಮಾತನ್ನೇ ಎತ್ತದವರು ಶ್ರಾವಣದ ಶುಭದಿನಗಳಿಗಾಗಿ ಕಾದಿರುತ್ತಾರೆ. ಆದರೆ ಅಷ್ಟು ಹೊತ್ತಿಗೆ ಮಲೆನಾಡಿನ ಸೆರಗಿನಲ್ಲಿರುವ ಶಿವಮೊಗ್ಗ ಮತ್ತು ಭದ್ರಾವತಿಯ ಮನೆಗಳು ಎರಡು ತಿಂಗಳ ಮಳೆ ಕುಡಿದು ನಿಂತಿರುತ್ತವೆ. ಬಚ್ಚಲುಮನೆಯ ಹಿಂದಿನ ಗೋಡೆಯಲ್ಲಿ ಬಣ್ಣ ಉಬ್ಬಿರುತ್ತದೆ. ಸಜ್ಜಾದ ಅಡಿಯಲ್ಲಿ ಪಾಚಿ ಕಟ್ಟಿರುತ್ತದೆ. ಬೀರುವಿನ ಹಿಂದೆ ಬೂಷ್ಟು ಹಿಡಿದಿರುತ್ತದೆ. ಮಾರುವವರಿಗೆ ಇದು ಇಕ್ಕಟ್ಟಿನ ಕಾಲ, ಕೊಳ್ಳುವವರಿಗೆ ಮನೆಯ ನಿಜಸ್ಥಿತಿ ಕಾಣುವ ಕಾಲ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಬಣ್ಣದ ಅಂಗಡಿಗೆ ಹೋಗುವುದು. ಪುಟ್ಟಿ ಹಚ್ಚಿ, ಮೇಲೊಂದು ತಿಳಿಬಣ್ಣ ಬಳಿದು, ನಾಲ್ಕು ದಿನದಲ್ಲಿ ಮನೆಯನ್ನು ಹೊಸತಾಗಿ ಕಾಣಿಸಬಹುದು. ದಲ್ಲಾಳಿಗಳು ಕೊಡುವ ಸಲಹೆಯೂ ಸಾಮಾನ್ಯವಾಗಿ ಇದೇ. ಆದರೆ ತೇವದ ಗೋಡೆಗೆ ಬಳಿದ ಬಣ್ಣ ಬಹಳ ದಿನ ನಿಲ್ಲುವುದಿಲ್ಲ. ಮುಂಗಡ ಪಡೆದು, ನೋಂದಣಿಗೆ ಮೊದಲು ಖರೀದಿದಾರ ಇನ್ನೊಮ್ಮೆ ಮನೆ ನೋಡಲು ಬಂದಾಗ ಅದೇ ಗೋಡೆ ಮತ್ತೆ ಉಬ್ಬಿದ್ದರೆ, ಹಾಳಾಗುವುದು ಬಣ್ಣ ಮಾತ್ರವಲ್ಲ, ವ್ಯವಹಾರವೂ ಹಾಳಾಗುತ್ತದೆ. ಒಂದು ದೋಷ ಮುಚ್ಚಿಟ್ಟವರು ಇನ್ನೇನನ್ನು ಮುಚ್ಚಿಟ್ಟಿರಬಹುದು ಎಂಬ ಅನುಮಾನ ಹುಟ್ಟಿದ ಮೇಲೆ ಬೆಲೆಯ ಮಾತು ಕೆಳಮುಖವಾಗಿಯೇ ಸಾಗುತ್ತದೆ.

ಹಾಗಾದರೆ ಮನೆಯನ್ನು ಸಿದ್ಧಪಡಿಸುವುದೆಂದರೇನು? ಸರಿಪಡಿಸಬಹುದಾದುದನ್ನು ಮೂಲದಿಂದ ಸರಿಪಡಿಸುವುದು, ಸರಿಪಡಿಸಲಾಗದುದನ್ನು ಮೊದಲೇ ಹೇಳುವುದು, ಎರಡಕ್ಕೂ ಬೇಕಾದ ಕಾಗದಗಳನ್ನು ಕೈಗೆಟಕುವಂತೆ ಇಡುವುದು.

ಕಾನೂನು ಏನು ಹೇಳುತ್ತದೆ?

ಇದು ಬರೀ ನೀತಿಯ ಮಾತಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಪ್ರಕರಣ ಮಾರುವವರ ಮತ್ತು ಕೊಳ್ಳುವವರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಇಬ್ಬರ ನಡುವೆ ಬೇರೆ ಕರಾರು ಇಲ್ಲದಿದ್ದಲ್ಲಿ ಈ ಪಟ್ಟಿಯೇ ಅನ್ವಯವಾಗುತ್ತದೆ. ಸ್ವತ್ತಿನಲ್ಲಾಗಲಿ, ಅದರ ಹಕ್ಕಿನಲ್ಲಾಗಲಿ ಇರುವ ಮುಖ್ಯ ದೋಷವೊಂದು ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅದು ಕಾಣುವಂಥದಲ್ಲವಾದರೆ, ಅದನ್ನು ತಿಳಿಸುವುದು ಮಾರುವವರ ಹೊಣೆ. ಕೇಳಿದಾಗ ಹಕ್ಕುಪತ್ರಗಳನ್ನು ಪರಿಶೀಲನೆಗೆ ಕೊಡಬೇಕು. ಸ್ವತ್ತಿನ ಬಗ್ಗೆ ಕೇಳುವ ಸೂಕ್ತ ಪ್ರಶ್ನೆಗಳಿಗೆ ತಿಳಿದ ಮಟ್ಟಿಗೆ ಉತ್ತರಿಸಬೇಕು. ತಿಳಿಸಬೇಕಾದ ದೋಷವನ್ನು ತಿಳಿಸದೆ ಬಿಡುವುದು ವಂಚನೆಯೆಂದೇ ಅದೇ ಪ್ರಕರಣ ಹೇಳುತ್ತದೆ.

ಕಣ್ಣಿಗೆ ಕಾಣುವ ಒಡೆದ ಹೆಂಚನ್ನು ಪ್ರತ್ಯೇಕವಾಗಿ ತೋರಿಸಬೇಕಾಗಿಲ್ಲ, ನೋಡುವವರೇ ನೋಡಿಕೊಳ್ಳುತ್ತಾರೆ. ಆದರೆ ಮಳೆಗಾಲದಲ್ಲಿ ಮಾತ್ರ ಸೋರುವ ತಾರಸಿ, ನೆಲದಡಿ ಒಡೆದಿರುವ ಪೈಪು, ನ್ಯಾಯಾಲಯದಲ್ಲಿರುವ ದಾವೆ ಇವೆಲ್ಲ ಹೇಳದ ಹೊರತು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಮನೆ ತೋರಿಸುವವರು ಇದನ್ನು ವಿಶೇಷವಾಗಿ ಗಮನದಲ್ಲಿಡಬೇಕು.

ತೇವ ಏರುವುದು ಹೇಗೆ?

ಗೋಡೆಯ ತೇವಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ: ನೆಲದಿಂದ ಮೇಲಕ್ಕೆ, ತಾರಸಿಯಿಂದ ಕೆಳಕ್ಕೆ, ಪೈಪಿನಿಂದ ಅಕ್ಕಪಕ್ಕಕ್ಕೆ. ಯಾವ ದಾರಿ ಎಂಬುದನ್ನು ತೇವದ ಗುರುತೇ ಹೇಳುತ್ತದೆ.

ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಪಟ್ಟಿಯಂತೆ ಬಣ್ಣ ಕಿತ್ತು, ಬಿಳಿಯ ಉಪ್ಪು ಬಿಟ್ಟಿದ್ದರೆ ಅದು ತಳಪಾಯದಿಂದ ಏರಿದ ನೀರು. ಇಟ್ಟಿಗೆ, ಗಾರೆಗಳಲ್ಲಿರುವ ಸಣ್ಣ ರಂಧ್ರಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣಿನ ನೀರನ್ನು ಹೀರುತ್ತವೆ. ಆ ನೀರು ಗೋಡೆಯ ಮೇಲ್ಮೈಯಲ್ಲಿ ಆವಿಯಾಗುತ್ತದೆ. ಅದರಲ್ಲಿ ಕರಗಿದ್ದ ಲವಣ ಅಲ್ಲೇ ಹರಳುಗಟ್ಟಿ ಬಣ್ಣವನ್ನೂ ಗಿಲಾವನ್ನೂ ಹೊರಕ್ಕೆ ದೂಡುತ್ತದೆ. ಇಂಥ ಗೋಡೆಗೆ ಗಾಳಿಯಾಡದ ಆಯಿಲ್ ಪೇಂಟ್ ಬಳಿದರೆ ನೀರಿಗೆ ಹೊರಹೋಗುವ ದಾರಿ ತಪ್ಪಿ, ತೇವ ಇನ್ನಷ್ಟು ಮೇಲಕ್ಕೆ ಏರುತ್ತದೆ. ಮುಚ್ಚಲು ಹೋದ ದೋಷ ದೊಡ್ಡದಾಗಿ ಹೊರಬೀಳುವುದು ಹೀಗೆ.

ಇದಕ್ಕೆ ಪರಿಹಾರ ಗೋಡೆಯ ಹೊರಗಿನಿಂದ ಆರಂಭವಾಗಬೇಕು. ಗೋಡೆಗೆ ತಾಗಿಸಿ ಇಟ್ಟ ಹೂವಿನ ಕುಂಡ, ರಾಶಿ ಹಾಕಿದ ಮಣ್ಣು ತೆಗೆಯಬೇಕು. ಮನೆಯ ಸುತ್ತ ಹೊರಮುಖವಾಗಿ ಇಳಿಜಾರಿರುವ ಸಿಮೆಂಟ್ ಪಟ್ಟಿ ಹಾಕಿ, ಮಳೆನೀರು ಚರಂಡಿಗೆ ಹರಿಯುವಂತೆ ಮಾಡಬೇಕು. ಕೆಟ್ಟ ಗಿಲಾವನ್ನು ಕೆತ್ತಿ ತೆಗೆದು, ಗೋಡೆ ಒಣಗಿದ ನಂತರವೇ ಹೊಸ ಗಿಲಾವು ಮಾಡಿಸಬೇಕು. ಗೋಡೆ ಒಣಗಲು ವಾರಗಳೇ ಬೇಕು. ಆದ್ದರಿಂದ ಶ್ರಾವಣದಲ್ಲಿ ಮನೆ ತೋರಿಸಬೇಕೆನ್ನುವವರು ಮಾರ್ಚ್, ಏಪ್ರಿಲ್‌ನಲ್ಲೇ ಮೇಸ್ತ್ರಿಯನ್ನು ಕರೆಸುವುದು ಒಳಿತು.

ಚಾವಣಿಯಲ್ಲಿ ಉಂಗುರದಂಥ ಕಂದು ಕಲೆ ಇದ್ದರೆ ದೋಷ ತಾರಸಿಯದು. ಅನೇಕ ಬಾರಿ ಕಾರಣ ಬಹಳ ಸಣ್ಣದಿರುತ್ತದೆ: ನೀರಿಳಿಯುವ ಪೈಪಿನ ಬಾಯಿಗೆ ಎಲೆ, ಕಸ ಕಟ್ಟಿ ನೀರು ನಿಂತಿರುತ್ತದೆ. ಮೊದಲು ಅದನ್ನು ಬಿಡಿಸಿ, ಬಿರುಕುಗಳನ್ನು ತುಂಬಿಸಿ, ನೀರು ನಿರೋಧಕ ಲೇಪನ ಮಾಡಿಸಬೇಕು. ಕೆಲಸ ಮುಗಿದ ಮೇಲೆ ತಾರಸಿಯ ಸುತ್ತ ಸಣ್ಣ ಕಟ್ಟೆ ಕಟ್ಟಿ ಒಂದೆರಡು ದಿನ ನೀರು ನಿಲ್ಲಿಸಿ ನೋಡಿದರೆ ಸೋರಿಕೆ ನಿಂತಿದೆಯೇ ಎಂಬುದು ಖಚಿತವಾಗುತ್ತದೆ. ಹೆಂಚಿನ ಮನೆಯಾದರೆ ಮಳೆಗೆ ಮೊದಲೇ ಹೆಂಚು ಕೈಯಾಡಿಸಿ, ಕೊಳೆತ ರೀಪುಗಳನ್ನು ಬದಲಿಸಬೇಕು.

ಬಚ್ಚಲುಮನೆಯ ಹಿಂಬದಿಯ ಗೋಡೆ ಬೇಸಿಗೆಯಲ್ಲೂ ಒದ್ದೆಯಿದ್ದರೆ ಅದು ಪೈಪಿನ ಸೋರಿಕೆ. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ಟ್ಯಾಂಕಿನ ನೀರಿನ ಮಟ್ಟವನ್ನು ಗುರುತು ಮಾಡಿಟ್ಟು ಬೆಳಿಗ್ಗೆ ನೋಡಿದರೆ ಪೈಪು ಸೋರುತ್ತಿದೆಯೇ ಎಂಬುದು ತಿಳಿಯುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ಈ ಎಲ್ಲ ದುರಸ್ತಿಗಳ ರಸೀದಿ ಮತ್ತು ಕೆಲಸ ನಡೆಯುವಾಗ ತೆಗೆದ ಛಾಯಾಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ‘ತಾರಸಿ ಸೋರುತ್ತಿತ್ತು, ಈ ತಿಂಗಳು ಹೀಗೆ ಸರಿಪಡಿಸಲಾಗಿದೆ’ ಎಂದು ಕಾಗದ ತೋರಿಸಿ ಹೇಳುವ ಮಾತಿಗೆ ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆಯಿದೆ.

ಬಿರುಕು ಮತ್ತು ಗೆದ್ದಲು

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಸಂಭವಿಸಿದ ಸ್ಫೋಟವನ್ನು ಈ ಭಾಗದವರು ಮರೆತಿಲ್ಲ. ಕಲ್ಲುಗಣಿಗಾರಿಕೆಗೆ ತಂದಿದ್ದ ಸ್ಫೋಟಕಗಳು ಸಿಡಿದು ಜೀವಹಾನಿಯಾಯಿತು. ನಗರದ ಹಲವೆಡೆ ಕಿಟಕಿ ಗಾಜುಗಳು ಒಡೆದವು, ಮನೆಗಳ ಗೋಡೆಗಳಲ್ಲಿ ಬಿರುಕು ಕಾಣಿಸಿತು. ಗೋಡೆಯ ಬಿರುಕು ಕಂಡ ಖರೀದಿದಾರರು ಅದರ ಕಾರಣ ಕೇಳುವುದು ಸಹಜ.

ಎಲ್ಲ ಬಿರುಕುಗಳೂ ಅಪಾಯಕಾರಿಯಲ್ಲ. ಕೂದಲೆಳೆಯಂತೆ ಅಲ್ಲಲ್ಲಿ ಹರಡಿದ ಗೆರೆಗಳು ಬಹುತೇಕ ಗಿಲಾವಿಗೆ ಸೀಮಿತ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಸಾಗಿ, ಗೋಡೆಯ ಎರಡೂ ಬದಿ ಕಾಣುವ ಬಿರುಕನ್ನು ಹಗುರವಾಗಿ ಕಾಣಬಾರದು. ಬಿರುಕಿನ ತುದಿಗೆ ಪೆನ್ಸಿಲ್‌ನಿಂದ ಗುರುತು ಮಾಡಿ ದಿನಾಂಕ ಬರೆದಿಟ್ಟರೆ, ಕೆಲವು ತಿಂಗಳಲ್ಲಿ ಅದು ಬೆಳೆಯುತ್ತಿದೆಯೇ ನಿಂತಿದೆಯೇ ಎಂಬುದು ಗೊತ್ತಾಗುತ್ತದೆ. ಬೆಳೆಯುತ್ತಿದ್ದರೆ ಕಟ್ಟಡ ಎಂಜಿನಿಯರ್‌ರಿಂದ ಪರೀಕ್ಷೆ ಮಾಡಿಸಿ ಲಿಖಿತ ವರದಿ ಪಡೆಯುವುದು ಅಗತ್ಯ. ಆ ವರದಿ ಕೈಯಲ್ಲಿದ್ದರೆ ‘ಏನೂ ಆಗಿಲ್ಲ’ ಎಂಬ ಬಾಯಿಮಾತನ್ನು ಆಶ್ರಯಿಸಬೇಕಾಗಿಲ್ಲ.

ಗೆದ್ದಲಿನ ಕಾಟವೂ ಇಲ್ಲಿ ಕಡಿಮೆಯಿಲ್ಲ. ಬಾಗಿಲ ಚೌಕಟ್ಟಿನ ಕೆಳತುದಿ, ಗೋಡೆಯೊಳಗಿನ ಕಪಾಟು, ಅಟ್ಟದಲ್ಲಿಟ್ಟ ಹಳೆಯ ಪುಸ್ತಕದ ಕಟ್ಟು ಇವನ್ನು ಮೊದಲು ನೋಡಬೇಕು. ಮಣ್ಣಿನ ಸಣ್ಣ ಕೊಳವೆಯಂಥ ದಾರಿ ಕಂಡರೆ ಅದನ್ನು ಒರೆಸಿ ಬಿಟ್ಟರೆ ಸಾಲದು, ಔಷಧಿ ಹಾಕಿಸಬೇಕು. ಸ್ಕ್ರೂ ಡ್ರೈವರಿನಿಂದ ಚೌಕಟ್ಟನ್ನು ತಟ್ಟಿ ನೋಡುವ ಖರೀದಿದಾರರೂ ಇದ್ದಾರೆ.

ಹೊಳೆ ನೀರಿನ ಪ್ರಶ್ನೆ

ಶಿವಮೊಗ್ಗದಲ್ಲಿ ತುಂಗೆ, ಭದ್ರಾವತಿಯಲ್ಲಿ ಭದ್ರೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿದರೆ ತುಂಗೆ ತುಂಬಿದಳೆಂದು ಶಿವಮೊಗ್ಗದವರು ನೋಡಲು ಹೋಗುತ್ತಾರೆ. 2019ರ ಆಗಸ್ಟ್‌ನಲ್ಲಿ ಆ ಸಂಭ್ರಮ ಉಳಿಯಲಿಲ್ಲ. ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿ ಜನ ಮನೆ ಬಿಟ್ಟು ಹೊರಡಬೇಕಾಯಿತು. ಭದ್ರಾವತಿಯಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ಹೊಸ ಸೇತುವೆ ಮುಳುಗುತ್ತದೆ, ನದಿದಂಡೆಯ ತಗ್ಗು ಪ್ರದೇಶಗಳ ಮನೆಗಳಿಗೆ ಆತಂಕ ಎದುರಾಗುತ್ತದೆ.

ಹೀಗಾಗಿ ಎರಡೂ ಊರುಗಳಲ್ಲಿ ಖರೀದಿದಾರರು ಕೇಳುವ ಒಂದು ಪ್ರಶ್ನೆ ಖಂಡಿತ: ‘2019ರಲ್ಲಿ ಇಲ್ಲಿಗೆ ನೀರು ಬಂದಿತ್ತೇ?’ ಬಂದಿದ್ದರೆ ಎಲ್ಲಿಯವರೆಗೆ, ಎಷ್ಟು ಹೊತ್ತು, ನಂತರ ಏನು ಬದಲಾವಣೆ ಮಾಡಲಾಯಿತು ಎಂಬುದನ್ನು ನೇರವಾಗಿ ಹೇಳುವುದೇ ಸರಿ. ಮುಚ್ಚಿಟ್ಟರೂ ಪ್ರಯೋಜನವಿಲ್ಲ, ಬೀದಿ ಕೊನೆಯ ಅಂಗಡಿಯವರನ್ನು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ನೀರು ಬಂದಿರದಿದ್ದರೆ ಅದು ಮನೆಯ ದೊಡ್ಡ ಗುಣ, ಅದನ್ನೂ ಹೇಳಬೇಕು.

ಬೀಗ ಹಾಕಿದ ಮನೆಗಳು

ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿ, ತಂದೆ ತಾಯಿಯ ಕಾಲಾನಂತರ ಬೀಗ ಬಿದ್ದ ಮನೆಗಳು ಎರಡೂ ಊರುಗಳ ಹಳೆಯ ಬಡಾವಣೆಗಳಲ್ಲಿ ಕಾಣಸಿಗುತ್ತವೆ. ಇಂಥ ಮನೆಯ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ವಾಸನೆಯೇ ಅರ್ಧ ಬೆಲೆ ಇಳಿಸುತ್ತದೆ. ವಾಸನೆಗೆ ತೇವವೊಂದೇ ಕಾರಣವಲ್ಲ. ಬಚ್ಚಲು, ಅಡುಗೆಮನೆಗಳ ನೀರು ಹೋಗುವ ದಾರಿಯಲ್ಲಿ ಬಾಗಿದ ಕೊಳವೆಯೊಂದಿದ್ದು, ಅದರಲ್ಲಿ ಸದಾ ನಿಲ್ಲುವ ನೀರು ಒಳಚರಂಡಿಯ ಗಾಳಿಯನ್ನು ತಡೆಯುತ್ತದೆ. ಮನೆ ತಿಂಗಳುಗಟ್ಟಲೆ ಮುಚ್ಚಿದ್ದರೆ ಆ ನೀರು ಆರಿಹೋಗಿ, ದುರ್ನಾತವೂ ಜಿರಳೆಗಳೂ ಒಳಬರುತ್ತವೆ. ಪ್ರತಿಯೊಂದು ಜಾಲರಿಗೂ ಒಂದೊಂದು ಕೊಡ ನೀರು ಸುರಿದರೆ ತಡೆ ಮತ್ತೆ ಏರ್ಪಡುತ್ತದೆ.

ಮನೆ ತೋರಿಸುವುದಕ್ಕೆ ಹದಿನೈದು ದಿನ ಮೊದಲಿನಿಂದಲೇ ದಿನವೂ ಕಿಟಕಿ ತೆರೆದಿಡಲು ನಂಬಿಕಸ್ಥರೊಬ್ಬರನ್ನು ನೇಮಿಸಬೇಕು. ಸಂಪು, ಟ್ಯಾಂಕು ತೊಳೆಸಿ ಹೊಸ ನೀರು ತುಂಬಿಸಬೇಕು. ಮೆಸ್ಕಾಂ ಬಾಕಿ ಕಟ್ಟಿ ವಿದ್ಯುತ್ ಸಂಪರ್ಕ ಚಾಲ್ತಿಯಲ್ಲಿದೆಯೇ, ಎಲ್ಲ ಸ್ವಿಚ್ಚುಗಳೂ ಕೆಲಸ ಮಾಡುತ್ತವೆಯೇ ನೋಡಬೇಕು. ಬಾಡಿಗೆದಾರರಿರುವ ಮನೆಯಾದರೆ ಅವರಿಗೆ ಮುಂಚಿತವಾಗಿ ತಿಳಿಸಿ, ಅವರಿಗೆ ಅನುಕೂಲವಾದ ಸಮಯವನ್ನೇ ಗೊತ್ತುಮಾಡಬೇಕು. ಹಠಾತ್ತನೆ ಅಪರಿಚಿತರನ್ನು ಕರೆದೊಯ್ದರೆ ಬಾಡಿಗೆದಾರರ ಸಿಟ್ಟು ಖರೀದಿದಾರರ ಕಿವಿಗೆ ಬೀಳುತ್ತದೆ.

ಭದ್ರಾವತಿಯ ಮಾತು ಬೇರೆ

ಶಿವಮೊಗ್ಗದಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಯ ಮನೆಗಳ ಹಿಂದೆ ಎರಡು ಕಾರ್ಖಾನೆಗಳ ಕತೆಯಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ, ಇಂದು ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಎಂದು ಕರೆಸಿಕೊಳ್ಳುವ ವಿಐಎಸ್‌ಎಲ್ ಹಾಗೂ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಈ ಊರನ್ನು ಕಟ್ಟಿದವು. ನ್ಯೂಟೌನ್, ಪೇಪರ್ ಟೌನ್‌ಗಳಲ್ಲಿನ ಕಾರ್ಖಾನೆಯ ವಸತಿಗೃಹಗಳು ಕಾರ್ಖಾನೆಯ ಸ್ವತ್ತು. ಅಲ್ಲಿ ದುಡಿದವರು ನಿವೃತ್ತಿಯ ಹಣ, ಭವಿಷ್ಯನಿಧಿ ಸೇರಿಸಿ ಸುತ್ತಲಿನ ಬಡಾವಣೆಗಳಲ್ಲಿ ಸ್ವಂತ ಮನೆ ಕಟ್ಟಿಕೊಂಡರು. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಹೋರಾಟದ ನಂತರ ಅದೇ ವರ್ಷ ಭಾಗಶಃ ಉತ್ಪಾದನೆ ಮತ್ತೆ ಶುರುವಾಯಿತು.

ಅನೇಕ ಕುಟುಂಬಗಳಿಗೆ ಮನೆಯೊಂದೇ ಉಳಿದ ಆಸ್ತಿ. ಮಗಳ ಮದುವೆಗೋ ಚಿಕಿತ್ಸೆಗೋ ಅದನ್ನು ಮಾರಬೇಕಾದಾಗ, ಮಾರುವವರ ಅವಸರ ಕೊಳ್ಳುವವರಿಗೆ ಮೊದಲೇ ಗೊತ್ತಿರುತ್ತದೆ. ‘ಕಾರ್ಖಾನೆಯೇ ಇಲ್ಲದ ಊರಿನಲ್ಲಿ ಇಷ್ಟು ಬೆಲೆಯೇ’ ಎಂಬ ಮಾತು ಕೇಳಿಬರುತ್ತದೆ. ಇಂಥ ಚೌಕಾಶಿಯ ಎದುರು ಮಾರುವವರಿಗೆ ನೆರವಾಗುವುದು ಮನೆಯ ಸುಸ್ಥಿತಿ ಮತ್ತು ಕಾಗದದ ಚೊಕ್ಕತನ ಮಾತ್ರ. ಸಣ್ಣಪುಟ್ಟ ದುರಸ್ತಿಗಳನ್ನು ಬಿಟ್ಟಿದ್ದರೆ ಖರೀದಿದಾರರು ಅದರ ಖರ್ಚಿನ ಹಲವು ಪಟ್ಟನ್ನು ಬೆಲೆಯಿಂದ ಕಳೆಯುತ್ತಾರೆ. ನಲ್ಲಿಯ ತೊಟ್ಟಿಕ್ಕುವಿಕೆ, ಬಾಗಿಲಿನ ಕಿರುಗುಟ್ಟುವಿಕೆ, ಒಡೆದ ಗಾಜು ಇವುಗಳಿಗೆ ತಗಲುವ ಖರ್ಚು ಅಲ್ಪ, ಅವು ಮನೆಗೆ ತರುವ ಅಪಕೀರ್ತಿ ಹೆಚ್ಚು.

ಮನೆಯ ನಿಜವಾದ ಅನುಕೂಲಗಳನ್ನೂ ತೋರಿಸಬೇಕು. ಶಿವಮೊಗ್ಗದಲ್ಲಿ ಕೆಲಸ ಮಾಡುವವರಿಗೆ ಭದ್ರಾವತಿಯಿಂದ ಬಸ್ಸು, ರೈಲು ಎರಡೂ ಇವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಸಮೀಪದಲ್ಲಿದೆ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿದೆ. ಆದರೆ ವಿಮಾನ ನಿಲ್ದಾಣದ ಹೆಸರು ಹೇಳಿ ಬೆಲೆಯನ್ನು ಆಕಾಶಕ್ಕೇರಿಸುವ ದಲ್ಲಾಳಿಗಳ ಮಾತಿಗೆ ಮರುಳಾಗಿ, ಬಂದ ಒಳ್ಳೆಯ ಖರೀದಿದಾರರನ್ನು ಕಳೆದುಕೊಳ್ಳಬಾರದು.

ಕಾಗದಪತ್ರಗಳ ಕಡತ

ಮನೆ ನೋಡಿ ಮೆಚ್ಚಿದವರ ಎರಡನೇ ಪ್ರಶ್ನೆ ಕಾಗದದ್ದು. ಕ್ರಯಪತ್ರ ಮತ್ತು ಅದರ ಹಿಂದಿನ ಮೂಲಪತ್ರಗಳು, ಋಣಭಾರ ಪ್ರಮಾಣಪತ್ರ, ಮಂಜೂರಾದ ನಕ್ಷೆ, ಕಂದಾಯ, ನೀರು, ವಿದ್ಯುತ್ ರಸೀದಿಗಳನ್ನು ಒಂದೇ ಕಡತದಲ್ಲಿ ಜೋಡಿಸಿಡಬೇಕು. ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಅಂತರ್ಜಾಲ ತಾಣದಲ್ಲೇ ಪಡೆಯಬಹುದು. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಸ್ವತ್ತುಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಶಿವಮೊಗ್ಗದವರು ಮಹಾನಗರ ಪಾಲಿಕೆಯಲ್ಲಿ, ಭದ್ರಾವತಿಯವರು ನಗರಸಭೆಯಲ್ಲಿ ಇದನ್ನು ಮಾಡಿಸಿಕೊಂಡ ನಂತರವೇ ಮನೆ ತೋರಿಸಲು ಆರಂಭಿಸುವುದು ಸೂಕ್ತ. ನಿವೇಶನ ಪ್ರಾಧಿಕಾರದ್ದೋ ಗೃಹ ಮಂಡಳಿಯದ್ದೋ ಆಗಿದ್ದರೆ ಅವುಗಳ ಹಂಚಿಕೆ ಪತ್ರ, ಕ್ರಯಪತ್ರಗಳೂ ಬೇಕು.

ಬ್ಯಾಂಕ್ ಸಾಲ ತೀರಿದ್ದರೂ ಮೂಲಪತ್ರಗಳು ಬ್ಯಾಂಕಿನಲ್ಲೇ ಉಳಿದಿರಬಹುದು. 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಅವುಗಳನ್ನು ಹಿಂದಿರುಗಿಸಬೇಕು. ತಪ್ಪು ಬ್ಯಾಂಕಿನದಾಗಿದ್ದರೆ ವಿಳಂಬದ ಪ್ರತಿ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕಾಗುತ್ತದೆ.

ತಂದೆಯ ಹೆಸರಿನಲ್ಲೇ ಉಳಿದ ಮನೆಯಾದರೆ ವಂಶವೃಕ್ಷ ಮಾಡಿಸಿ, ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ವಾರಸುದಾರರೇ. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅವರಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಅಣ್ಣ ತಮ್ಮಂದಿರು ಮಾತ್ರ ಕೂಡಿ ಬೆಲೆ ನಿಗದಿ ಮಾಡಿ, ಕೊನೆಗೆ ಅಕ್ಕ ತಂಗಿಯರ ಸಹಿಗೆ ಹೋಗುವುದರಿಂದ ವ್ಯವಹಾರವೂ ಸಂಬಂಧವೂ ಕೆಡುತ್ತವೆ. ಎಲ್ಲರೂ ಒಪ್ಪಿದ ಮೇಲೆಯೇ ‘ಮನೆ ಮಾರಾಟಕ್ಕಿದೆ’ ಎಂಬ ಫಲಕ ಹಾಕಬೇಕು.

ಖರೀದಿದಾರರು ಸಾಲ ಪಡೆಯುವವರಾದರೆ ಬ್ಯಾಂಕಿನ ಎಂಜಿನಿಯರ್ ಕೂಡ ಬಂದು ಅಳತೆ ಮಾಡುತ್ತಾರೆ. ನಕ್ಷೆಯಲ್ಲಿ ಇಲ್ಲದ ಮಹಡಿ ಅಥವಾ ಕೋಣೆ ಕಟ್ಟಿದ್ದರೆ ಆ ದಿನ ಹೊರಬೀಳುವುದಕ್ಕಿಂತ ಮೊದಲೇ ಹೇಳಿರುವುದು ಕ್ಷೇಮ.

ನೋಡಲು ಬಂದ ದಿನ

ಹಗಲು ಬೆಳಕಿನಲ್ಲಿ, ಸಾಧ್ಯವಾದರೆ ಬೆಳಿಗ್ಗೆ ಹತ್ತರ ನಂತರ ಸಮಯ ಕೊಡುವುದು ಉತ್ತಮ. ಮೂಲೆಯಲ್ಲಿ ಪೇರಿಸಿದ ಹಳೆಯ ಮಂಚ, ಗೋಣಿಚೀಲ, ಮುರಿದ ಸೈಕಲ್ ಹೊರಹೋದರೆ ಕೋಣೆ ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ. ದೇವರಮನೆಯನ್ನಾಗಲಿ ಹಿರಿಯರ ಭಾವಚಿತ್ರಗಳನ್ನಾಗಲಿ ತೆಗೆದಿಡಬೇಕಾಗಿಲ್ಲ, ಅವು ಇಲ್ಲಿನ ಮನೆಗಳಿಗೆ ಸಹಜವಾದವು. ಒಡವೆ, ನಗದು, ಮೂಲಪತ್ರಗಳು ಮಾತ್ರ ಬೀಗದೊಳಗೆ ಇರಬೇಕು.

ಬಂದವರನ್ನು ಕೂರಿಸಿ ಕಾಫಿ ಕೊಡುವುದು ನಮ್ಮ ಕಡೆಯ ಪದ್ಧತಿ. ಆದರೆ ಮಾತು ಬೆಳೆಯುವ ಮೊದಲು ಅವರು ಮನೆಯನ್ನು ಸಾವಕಾಶವಾಗಿ ನೋಡಲಿ. ಪ್ರತಿ ಕೋಣೆಗೂ ಹಿಂದೆ ಹಿಂದೆ ಹೋಗಿ ವಿವರಿಸುತ್ತಿದ್ದರೆ ಗಂಡ ಹೆಂಡತಿ ತಮ್ಮಲ್ಲೇ ಎರಡು ಮಾತಾಡಿಕೊಳ್ಳಲು ಆಗುವುದಿಲ್ಲ. ವಾಸ್ತು ನೋಡುವವರು ದಿಕ್ಸೂಚಿ ಹಿಡಿದು ಬಂದರೆ ವಾದಕ್ಕೆ ಇಳಿಯದೆ, ಮನೆಯ ಅಳತೆ ಮತ್ತು ದಿಕ್ಕು ಗುರುತಿಸಿದ ನಕ್ಷೆಯ ಪ್ರತಿಯೊಂದನ್ನು ಕೊಟ್ಟರೆ ಸಾಕು.

ಕಾಗದಗಳ ಜೆರಾಕ್ಸ್ ಪ್ರತಿಯನ್ನು ಮಾತ್ರ ಕೊಡಬೇಕು. ಅದರ ಮೇಲೆ ಯಾರಿಗೆ, ಯಾವ ಉದ್ದೇಶಕ್ಕೆ, ಯಾವ ದಿನ ಕೊಟ್ಟದ್ದೆಂದು ಅಡ್ಡಲಾಗಿ ಬರೆದರೆ ದುರುಪಯೋಗಕ್ಕೆ ಅವಕಾಶ ಕಡಿಮೆ. ವಯಸ್ಸಾದವರು ಒಬ್ಬರೇ ಇರುವ ಮನೆಗೆ ಅಪರಿಚಿತರು ಬರುವುದಾದರೆ ನೆರೆಯವರೊಬ್ಬರನ್ನು ಜೊತೆಗಿರಿಸಿಕೊಳ್ಳಬೇಕು. ಫೋನಿನಲ್ಲೇ ಬೆಲೆ ಒಪ್ಪಿ, ‘ಮುಂಗಡ ಕಳಿಸುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ’ ಎನ್ನುವವರಿಂದ ದೂರವಿರಬೇಕು. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ.

ಮನೆ ಮೆಚ್ಚಿದವರು ಅಲ್ಲಿಯೇ ನೋಟಿನ ಕಟ್ಟು ತೆಗೆದು ಮುಂಗಡ ಕೊಡಲು ಮುಂದಾಗುವುದುಂಟು. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ. ಪಡೆದಷ್ಟೇ ಮೊತ್ತವನ್ನು ದಂಡವಾಗಿ ತೆರಬೇಕಾಗಬಹುದು, ಅದೂ ಪಡೆದವರೇ. ಆದ್ದರಿಂದ ಮುಂಗಡ ಬ್ಯಾಂಕ್ ಮೂಲಕವೇ ಬರಲಿ. ದಲ್ಲಾಳಿಯ ಕಮಿಷನ್ ಎಷ್ಟು, ಯಾರು ಕೊಡುವುದು ಎಂಬುದೂ ಮೊದಲ ದಿನವೇ ಇತ್ಯರ್ಥವಾಗಲಿ.

ಕೊನೆಯದಾಗಿ, ಮುಂಗಡದ ಕರಾರುಪತ್ರ ಬರೆಯುವಾಗ ಹೇಳಿದ ದೋಷಗಳನ್ನೂ ಮಾಡಿಸಿದ ದುರಸ್ತಿಗಳನ್ನೂ ಅದರಲ್ಲಿ ಒಂದೆರಡು ಸಾಲಿನಲ್ಲಿ ಸೇರಿಸುವುದು ಜಾಣತನ. ಹಿಂಬದಿಯ ಗೋಡೆಗೆ ತೇವವಿದೆ ಎಂದು ಬರೆದು ಇಬ್ಬರೂ ಸಹಿ ಮಾಡಿದ್ದರೆ, ಮುಂದಿನ ಮಳೆಗಾಲದಲ್ಲಿ ಆ ಗೋಡೆ ಉಬ್ಬಿದಾಗ ಮಾರಿದವರ ಮನೆಗೆ ವಕೀಲರ ನೋಟಿಸು ಬರುವ ಸಂಭವ ಕಡಿಮೆ.